ಪದದ ನೆಂಟ, ವಾಕ್ಯದ ನೆಂಟ

ಗೇರುಬೀಜ ಖರೀದಿಯ ಕೆಲಸಕ್ಕಾಗಿ ನಾನು ಪಶ್ಚಿಮ ಆಫ್ರಿಕದಲ್ಲಿ ಐದು ಸುಗ್ಗಿಗಳನ್ನು ಕಳೆದಿದ್ದೇನೆ. ಮೊದಲ ಎರಡು ಗಿನಿ-ಬಿಸ್ಸಾವಿನಲ್ಲಿ, ಉಳಿದ ಮೂರು ಐವರಿ ಕೋಸ್ಟಿನ ಪೂರ್ವದಂಚಿನಲ್ಲಿರುವ ಬೊಂಡುಕು ಪಟ್ಟಣದಲ್ಲಿ. ಫೆಬ್ರವರಿಯಲ್ಲಿ ಹೊರಟರೆ ಮಳೆಗಾಲ ಹಿಡಿಯುವ ಹೊತ್ತಿಗೆ ಮಂಗಳೂರಿಗೆ ಮರಳುವುದು ವಾಡಿಕೆಯಾಗಿತ್ತು. ಮೊದಲ ದೇಶದಲ್ಲಿ ಕಚೇರಿಯ ಭಾಷೆ ಪೋರ್ಚುಗೀಸ್. ಎರಡನೆಯದರಲ್ಲಿ ಕಾಗದಪತ್ರಗಳೆಲ್ಲ ಫ್ರೆಂಚಿನಲ್ಲಿದ್ದರೂ ಸಂತೆಯಲ್ಲಿ, ಗೋದಾಮಿನಲ್ಲಿ, ಲಾರಿಗೆ ಮೂಟೆ ಏರಿಸುವಲ್ಲಿ ಕಿವಿಗೆ ಬೀಳುತ್ತಿದ್ದುದು ಜುಲಾ. ಎರಡನ್ನೂ ಕೆಲಸ ಸಾಗುವಷ್ಟು ಕಲಿತೆ. ಹಾಗೆ ಕಲಿಯುವಾಗ ಆದ ಒಂದು ಅನುಭವ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಪೋರ್ಚುಗೀಸಿನ ಎಷ್ಟೋ ಪದಗಳು ಮೊದಲ ದಿನವೇ ನನಗೆ ಗೊತ್ತಿದ್ದವು, ಆದರೆ ಅವುಗಳಿಂದ ಒಂದು ಸರಿಯಾದ ವಾಕ್ಯ ಕಟ್ಟಲು ತಿಂಗಳುಗಳು ಹಿಡಿದವು. ಜುಲಾದ ಒಂದು ಪದವೂ ಪರಿಚಿತವೆನಿಸಿರಲಿಲ್ಲ, ಆದರೆ ಎರಡು ವಾರಗಳೊಳಗೆ ಸಣ್ಣ ಸಣ್ಣ ವಾಕ್ಯಗಳು ತಾವಾಗಿ ಬಾಯಿಗೆ ಬರತೊಡಗಿದವು. ನಾಲ್ಕು ನೂರು ವರ್ಷ ನಮ್ಮ ನೆರೆಯಲ್ಲೇ ಇದ್ದ ಭಾಷೆ ದೂರ ನಿಂತಿತು, ನಮ್ಮ ಹೆಸರನ್ನೇ ಕೇಳದ ಭಾಷೆ ಹತ್ತಿರ ಬಂದು ಕುಳಿತಿತು. ಇದು ಹೇಗಾಯಿತು ಎಂದು ಯೋಚಿಸುತ್ತ ಹೋದಂತೆ ಈ ಬರಹ ಬೆಳೆಯಿತು.

ಮನೆಯೊಳಗಿದ್ದ ಪದಗಳು

ಬಿಸ್ಸಾವಿನಲ್ಲಿ ಸಂಜೆ ಹೊತ್ತು ನನಗೆ ಪಾಠ ಹೇಳುತ್ತಿದ್ದವರು ಒಬ್ಬ ನಿವೃತ್ತ ಶಾಲಾ ಶಿಕ್ಷಕಿ. ಅಲ್ಲಿನ ರೂಢಿಯಂತೆ ಎಲ್ಲರೂ ಅವರನ್ನು ‘ಪ್ರೊಫೆಸೋರಾ’ ಎಂದೇ ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ಮೊದಲ ಪಾಠದ ದಿನ ಅವರು ಕೋಣೆಯ ವಸ್ತುಗಳನ್ನು ಒಂದೊಂದಾಗಿ ತೋರಿಸಿ ಹೆಸರು ಹೇಳಿಸಿದರು. ಬೀಗದ ಕೈಯನ್ನು ಎತ್ತಿ ಹಿಡಿದು ‘ಶಾವ್’ ಎಂದರು, ಬರೆದು ತೋರಿಸಿದಾಗ ಅದು ನಮ್ಮ ಚಾವಿ. ಬಾವಿಕಟ್ಟೆಯ ಬಕೆಟ್ಟು ‘ಬಾಲ್ದ್’, ನಮ್ಮಜ್ಜಿಯ ಬಾಲ್ದಿ. ಅಲಮಾರು ಇತ್ತು, ಬಟಾಟೆ ಇತ್ತು, ಅನಾನಸು ಇತ್ತು. ಸಂಬಳ ಕೊಡುವುದು ‘ಪಗಾರ್’ ಎಂದಾಗ ನಮ್ಮ ಕಾರ್ಖಾನೆಯಲ್ಲಿ ಶನಿವಾರ ಸಂಜೆ ಪಗಾರದ ಕಿಟಕಿಯ ಮುಂದೆ ನಿಲ್ಲುವ ಹೆಂಗಸರ ಸಾಲು ಕಣ್ಣ ಮುಂದೆ ಬಂತು. ಇಗರ್ಜಿ, ಪಾದ್ರಿ, ಲಿಲಾವು ಎಲ್ಲವೂ ಅಲ್ಲಿದ್ದವು. ನಾನು ಕರಾವಳಿಯವನು, ಕೊಂಕಣಿ ಆಡುವ ನೆರೆಹೊರೆಯಲ್ಲಿ ಬೆಳೆದವನು, ಆದ್ದರಿಂದ ನನಗೆ ಈ ಪದಗಳು ಕನ್ನಡದ ಇತರ ಸೀಮೆಯವರಿಗಿಂತ ಹೆಚ್ಚು ಪರಿಚಿತವಾಗಿದ್ದಿರಬಹುದು. 1510ರಲ್ಲಿ ಗೋವೆಯನ್ನು ಹಿಡಿದವರು ಅದೇ ಶತಮಾನದಲ್ಲಿ ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ಕೋಟೆ ಕಟ್ಟಿದರು. ಕೋಟೆಗಳು ಹೋದವು, ಚಾವಿ ಉಳಿಯಿತು. ನನ್ನ ಕಸುಬಿನ ಗೇರುಮರವನ್ನು ಬ್ರೆಜಿಲ್‌ನಿಂದ ನಮ್ಮ ತೀರಕ್ಕೆ ತಂದವರೂ ಅವರೇ. ಬ್ರೆಜಿಲ್‌ನ ತುಪಿ ಜನರ ಪದವನ್ನು ಅವರು ‘ಕಾಜು’ ಎಂದು ಬಾಯಿಗೆ ಒಗ್ಗಿಸಿಕೊಂಡು ಲೋಕವೆಲ್ಲ ಹಂಚಿದರು.

ಆದರೆ ಈ ಪದಗಳೆಲ್ಲ ನಾಮಪದಗಳು. ಹಡಗಿನಿಂದ ಇಳಿಸಿ ಅಂಗಡಿಯಲ್ಲಿ ಇಡಬಹುದಾದ ಸಾಮಾನುಗಳಂತೆ ಅವು ಬಂದವು. ಕ್ರಿಯಾಪದವೆಂದು ನಾವು ಪಡೆದ ‘ಪಗಾರ್’ ಕೂಡ ನಮ್ಮಲ್ಲಿಗೆ ಬಂದು ನಾಮಪದವಾಗಿಬಿಟ್ಟಿತು. ಪೋರ್ಚುಗೀಸಿನ ಜೀವ ಇರುವುದು ಅದರ ಕ್ರಿಯಾಪದದಲ್ಲಿ. ‘ಫಾಲು’ ಎಂದರೆ ಮಾತಾಡುತ್ತೇನೆ, ‘ಫಾಲಾಮುಶ್’ ಎಂದರೆ ಮಾತಾಡುತ್ತೇವೆ. ಇಷ್ಟು ನಮಗೂ ಹೊಸದಲ್ಲ. ಕನ್ನಡದಲ್ಲಿಯೂ ಕ್ರಿಯಾಪದದ ತುದಿಯೇ ಯಾರು ಎಂಬುದನ್ನು ಹೇಳುತ್ತದೆ, ‘ನಾನು’ ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಆದರೆ ಪೋರ್ಚುಗೀಸ್ ಅಲ್ಲಿಗೆ ನಿಲ್ಲುವುದಿಲ್ಲ. ‘ಹೋಗಲು’ ಎಂಬ ರೂಪಕ್ಕೂ ಅದು ಆಳನ್ನು ಅಂಟಿಸುತ್ತದೆ: ನಾವು ಹೋಗಲು ಎಂಬುದಕ್ಕೆ ಒಂದು ತುದಿ, ಅವರು ಹೋಗಲು ಎಂಬುದಕ್ಕೆ ಇನ್ನೊಂದು. ಇನ್ನೂ ನಡೆಯದ, ನಡೆದರೂ ನಡೆಯಬಹುದಾದ ಸಂಗತಿಗೆ ಬೇರೆಯದೇ ಆದ ರೂಪಾವಳಿ ಇದೆ. ‘ಇರು’ ಎಂಬುದಕ್ಕೆ ಎರಡು ಕ್ರಿಯಾಪದಗಳು: ಮನುಷ್ಯನ ಸ್ವಭಾವವೇ ದುಃಖದ್ದಾದರೆ ಒಂದು, ಅವನು ಈ ಹೊತ್ತು ದುಃಖದಲ್ಲಿದ್ದರೆ ಮತ್ತೊಂದು. ಪ್ರೊಫೆಸೋರಾ ಇದನ್ನು ಬಹಳ ತಾಳ್ಮೆಯಿಂದ ಹೇಳಿಕೊಡುತ್ತಿದ್ದರು. ನಾನು ಬಾಲ್ದಿ, ಚಾವಿ, ಬಟಾಟೆಗಳನ್ನು ಕೈಯಲ್ಲಿ ಹಿಡಿದು, ಅವುಗಳನ್ನು ಪೋಣಿಸುವ ದಾರವಿಲ್ಲದೆ ಕುಳಿತಿರುತ್ತಿದ್ದೆ.

ಹಸಿವು ಎಲ್ಲಿರುತ್ತದೆ

ಜುಲಾ ಎಂದರೆ ವರ್ತಕ. ಪಶ್ಚಿಮ ಆಫ್ರಿಕದ ಒಳನಾಡಿನಲ್ಲಿ ಚಿನ್ನ, ಉಪ್ಪು, ಕೋಲಾಕಾಯಿಗಳನ್ನು ಹೊತ್ತು ಊರಿಂದೂರಿಗೆ ನಡೆದ ಮುಸ್ಲಿಂ ವ್ಯಾಪಾರಿಗಳ ಹೆಸರೇ ಅವರ ನುಡಿಯ ಹೆಸರೂ ಆಯಿತು. ಮಾಲಿಯ ಬಂಬಾರ, ಗಿನಿಯ ಮನಿಂಕ, ಗ್ಯಾಂಬಿಯ ಮತ್ತು ಗಿನಿ-ಬಿಸ್ಸಾವಿನ ಮಂದಿಂಕ, ಇವೆಲ್ಲ ಅದರ ಒಡಹುಟ್ಟುಗಳು. ಇಂದು ಐವರಿ ಕೋಸ್ಟಿನಲ್ಲಿಯೂ ಬುರ್ಕಿನಾ ಫಾಸೊದ ಪಶ್ಚಿಮ ಭಾಗದಲ್ಲಿಯೂ ಬೇರೆ ಬೇರೆ ಮನೆಮಾತಿನವರು ಸಂತೆಯಲ್ಲಿ ಎದುರಾದಾಗ ಬಳಸುವ ಮಾತು ಇದು. ತಾಯಿನುಡಿಯಾಗಿ ಆಡುವವರಿಗಿಂತ ಕಲಿತು ಆಡುವವರೇ ಹೆಚ್ಚು. ಆದ್ದರಿಂದಲೇ ಇರಬೇಕು, ತಪ್ಪು ಮಾತಾಡುವವನನ್ನು ಕಾದು ಕೇಳುವ ಸೈರಣೆ ಆ ಸಂತೆಗಳಲ್ಲಿದೆ.

‘ನಾನು ನೀರು ಕುಡಿಯುತ್ತೇನೆ’ ಎನ್ನಲು ಜುಲಾದಲ್ಲಿ ‘ನ್ ಬೆ ಜಿ ಮಿನ್’ ಎನ್ನುತ್ತಾರೆ. ‘ನ್’ ನಾನು, ‘ಜಿ’ ನೀರು, ‘ಮಿನ್’ ಕುಡಿ. ನಡುವೆ ಕುಳಿತ ‘ಬೆ’ ಎಂಬ ಸಣ್ಣ ಪದ ಕಾಲವನ್ನು ಹೇಳುತ್ತದೆ. ಅದರ ಜಾಗದಲ್ಲಿ ‘ಕ’ ಇಟ್ಟರೆ ಕುಡಿದೆ, ‘ತೆ’ ಇಟ್ಟರೆ ಕುಡಿಯುವುದಿಲ್ಲ, ‘ಮಾ’ ಇಟ್ಟರೆ ಕುಡಿಯಲಿಲ್ಲ. ‘ಮಿನ್’ ಮಾತ್ರ ನಾನು ಕುಡಿದರೂ ಊರೆಲ್ಲ ಕುಡಿದರೂ ಕದಲುವುದಿಲ್ಲ. ಇಷ್ಟು ತಿಳಿದ ಮೇಲೆ ನನಗೆ ದಾರಿ ತೆರೆಯಿತು, ಏಕೆಂದರೆ ಕರ್ಮಪದ ಮೊದಲು, ಕ್ರಿಯಾಪದ ಆಮೇಲೆ ಎಂಬ ನಡಿಗೆ ನನ್ನದೇ ಆಗಿತ್ತು. ಮನೆಯ ಒಳಗೆ ಎನ್ನಲು ‘ಸೊ ಕೊನೊ’: ಸೊ ಮನೆ, ಕೊನೊ ಒಳಗೆ. ಪೋರ್ಚುಗೀಸಿನಲ್ಲಿ ಒಳಗೆ ಎಂಬುದನ್ನು ಮೊದಲು ಹೇಳಿ ಆಮೇಲೆ ಮನೆಯನ್ನು ತರಬೇಕು, ಅಲ್ಲಿ ನನ್ನ ನಾಲಿಗೆ ಪ್ರತಿ ಸಲ ತಡವರಿಸುತ್ತಿತ್ತು. ನನ್ನ ಹತ್ತಿರ ಹಣ ಇದೆ ಎನ್ನಲು ‘ವಾರಿ ಬೆ ನ್ ಫೆ’ ಎನ್ನುತ್ತಾರೆ. ಹಣ ಇದೆ, ನನ್ನ ಹತ್ತಿರ. ನಮ್ಮಂತೆ ಅವರಿಗೂ ಒಡೆತನವನ್ನು ಹೇಳುವ ಬೇರೆ ಕ್ರಿಯಾಪದ ಬೇಕಾಗಿಲ್ಲ. ಪೋರ್ಚುಗೀಸನು ‘ತೆಂಞು’ ಎಂದು ಹಣವನ್ನು ಹಿಡಿದುಕೊಳ್ಳುತ್ತಾನೆ. ಹಣವನ್ನಷ್ಟೇ ಅಲ್ಲ, ಹಸಿವನ್ನೂ ಬಾಯಾರಿಕೆಯನ್ನೂ ವಯಸ್ಸನ್ನೂ ಅದೇ ಕ್ರಿಯಾಪದದಿಂದ ಹಿಡಿದುಕೊಳ್ಳುತ್ತಾನೆ.

ಈ ಹಸಿವಿನ ಮಾತಿನ ಬಳಿ ನಾನು ಬಹಳ ಹೊತ್ತು ನಿಂತಿದ್ದೇನೆ. ಪೋರ್ಚುಗೀಸಿನಲ್ಲಿ ಎರಡು ದಾರಿಗಳಿವೆ: ‘ನಾನು ಹಸಿವನ್ನು ಹೊಂದಿದ್ದೇನೆ’ ಎನ್ನುವುದು ಒಂದು, ‘ನಾನು ಹಸಿವಿನ ಜೊತೆ ಇದ್ದೇನೆ’ ಎನ್ನುವುದು ಇನ್ನೊಂದು. ಎರಡರಲ್ಲಿಯೂ ಮಾತು ‘ನಾನು’ವಿನಿಂದ ಹೊರಡುತ್ತದೆ. ಜುಲಾದಲ್ಲಿ ‘ಕೊಂಗೊ ಬೆ ನ್ ನ’, ಹಸಿವು ನನ್ನ ಮೇಲಿದೆ. ಕನ್ನಡದಲ್ಲಿ ‘ನನಗೆ ಹಸಿವಾಗಿದೆ’. ಜುಲಾದಲ್ಲಿಯೂ ಕನ್ನಡದಲ್ಲಿಯೂ ಹಸಿವೇ ಕರ್ತೃ, ಮನುಷ್ಯ ಅದು ಬಂದು ಇಳಿಯುವ ತಾಣ. ಬೊಂಡುಕುವಿನಲ್ಲಿ ಮೊದಲ ಸಲ ಈ ವಾಕ್ಯ ಕೇಳಿದಾಗ ನನಗೆ ನೆನಪಾದದ್ದು ನಮ್ಮೂರ ಕೋಲ. ಪಾತ್ರಿಯ ಮೈಮೇಲೆ ದೈವ ಬಂತು ಎನ್ನುತ್ತೇವಲ್ಲ, ಹಾಗೆ ಅಲ್ಲಿ ಹಸಿವು ಬರುತ್ತದೆ, ಬಾಯಾರಿಕೆ ಬರುತ್ತದೆ.

ನೆಂಟಸ್ತನವನ್ನು ಅತಿಯಾಗಿ ಎಳೆಯುವುದೂ ಸರಿಯಲ್ಲ. ಜುಲಾದಲ್ಲಿ ಕರ್ಮಪದ ಮಾತ್ರ ಕ್ರಿಯಾಪದಕ್ಕಿಂತ ಮೊದಲು ನಿಲ್ಲುತ್ತದೆ. ಎಲ್ಲಿ, ಯಾರಿಗೆ, ಯಾವುದರಿಂದ ಎಂಬುದೆಲ್ಲ ಕ್ರಿಯಾಪದ ಮುಗಿದ ಮೇಲೆ ಬರುತ್ತದೆ. ಮನೆಯೊಳಗೆ ನೀರು ಕುಡಿದೆ ಎನ್ನಲು ನೀರು ಕುಡಿದು ಮುಗಿಸಿ ಆಮೇಲೆ ಮನೆಯೊಳಗೆ ಹೋಗಬೇಕು. ನಾನು ಎಲ್ಲವನ್ನೂ ಹಿಂದೆಯೇ ಪೇರಿಸಿ ಕೊನೆಗೆ ಕ್ರಿಯಾಪದಕ್ಕೆ ಬರುತ್ತಿದ್ದೆ. ಕೇಳುವವರು ನಡುವೆಯೇ ಕಳೆದುಹೋಗುತ್ತಿದ್ದರು.

ಫೊ ಮತ್ತು ಫಾ

ಬೊಂಡುಕುವಿನ ಗೋದಾಮಿನಲ್ಲಿ ನನ್ನ ಕೆಲಸ ಕಟಿಂಗ್ ಪರೀಕ್ಷೆ. ಮೂಟೆಗಳಿಗೆ ಕೊಳವೆ ಚುಚ್ಚಿ ಅಲ್ಲಲ್ಲಿಂದ ಬೀಜ ತೆಗೆದು, ಬೆರೆಸಿ, ಒಂದು ಕಿಲೋ ತೂಗಿ, ಎಣಿಸಿ, ಒಂದೊಂದನ್ನೂ ಇಬ್ಭಾಗ ಮಾಡುವುದು. ಗಟ್ಟಿ ತಿರುಳು, ಚುಕ್ಕೆ ಬಿದ್ದದ್ದು, ಎಳೆಯದು, ಜೊಳ್ಳು ಎಂದು ಬೇರ್ಪಡಿಸಿ ತೂಗಿದರೆ 80 ಕಿಲೋ ಮೂಟೆಗೆ ಎಷ್ಟು ಪೌಂಡು ತಿರುಳು ಸಿಕ್ಕೀತು ಎಂಬ ಲೆಕ್ಕ ಬರುತ್ತದೆ. 48 ಬಂದರೆ ಸಂತೋಷ, 44 ಬಂದರೆ ಚೌಕಾಸಿ. ಗೇರಿನ ಸೊನೆ ತಗಲಿ ಬೆರಳ ತುದಿಯ ಚರ್ಮ ಏಳುತ್ತಿತ್ತು. ಬೀಜ ತರುತ್ತಿದ್ದವರಲ್ಲಿ ಒಬ್ಬ ಹಿರಿಯರಿದ್ದರು, ಎಲ್ಲರೂ ಅವರನ್ನು ‘ಬಾಬಾ’ ಎನ್ನುತ್ತಿದ್ದರು. ನನ್ನನ್ನು ಅವರು ‘ನ್ ದೆನ್’ ಎಂದು ಕರೆಯುತ್ತಿದ್ದರು, ನನ್ನ ಮಗು ಎಂದು. ನಾನು ಬೀಜ ಕತ್ತರಿಸುವಾಗ ಅವರು ಎದುರಿಗೆ ಮಣೆಯ ಮೇಲೆ ಕುಳಿತು, ನನ್ನ ಪ್ರತಿಯೊಂದು ಕತ್ತರಿಕೆಯನ್ನೂ ನೋಡುತ್ತಿದ್ದರು.

ಒಂದು ದಿನ ಲೆಕ್ಕ ಅವರ ನಿರೀಕ್ಷೆಗಿಂತ ಕಡಿಮೆ ಬಂತು. ಬೆಲೆಯ ವಿಷಯವನ್ನು ಮೇಲಿನವರಿಗೆ ನಾನು ಹೇಳುತ್ತೇನೆ ಎಂದು ಸಮಾಧಾನಪಡಿಸಲು ಹೊರಟೆ. ‘ನಾನು ಅದನ್ನು ಹೇಳುತ್ತೇನೆ’ ಎಂದದ್ದು ‘ನಾನು ಅವರಿಗೆ ನಮಸ್ಕಾರ ಹೇಳುತ್ತೇನೆ’ ಎಂದಾಯಿತು. ಸುತ್ತಲಿದ್ದ ಹುಡುಗರು ಮುಖ ಮುಖ ನೋಡಿಕೊಂಡರು. ಬಾಬಾ ನಗಲಿಲ್ಲ. ಹತ್ತಿರ ಬಂದು ತಮ್ಮ ಬಾಯನ್ನೇ ತೋರಿಸುತ್ತ, ತುಟಿಗಳನ್ನು ಸಣ್ಣದಾಗಿ ಸುತ್ತಿ ‘ಫೊ’ ಎಂದರು, ಕೈಯೆತ್ತಿ ವಂದಿಸಿದರು. ಆಮೇಲೆ ದವಡೆಯನ್ನು ಕೆಳಗಿಳಿಸಿ, ಫೊ ಮತ್ತು ಫಾ ಎರಡರ ನಡುವೆ ಇರುವ ಇನ್ನೊಂದು ಧ್ವನಿಯನ್ನು ಹೊರಡಿಸಿ, ಬಾಯಿಂದ ಮಾತು ಹೊರಬರುವಂತೆ ಬೆರಳಾಡಿಸಿದರು. ಮೊದಲನೆಯದು ವಂದಿಸು, ಎರಡನೆಯದು ಹೇಳು. ಹತ್ತು ಸಲ ಹೇಳಿಸಿದರು, ಪ್ರತಿ ಸಲವೂ ವಂದಿಸುವುದನ್ನು ಮೊದಲು ಹೇಳಿಸಿದರು. ಆ ಎರಡನೆಯ ಧ್ವನಿಯನ್ನು ಬರೆಯಲು ಕನ್ನಡ ಲಿಪಿಯಲ್ಲಿ ಅಕ್ಷರವಿಲ್ಲ. ನಾವು ಸ್ವರದ ಉದ್ದವನ್ನು ಅಳೆಯುತ್ತೇವೆ, ಕೊಡು ಬೇರೆ, ಕೋಡು ಬೇರೆ. ಬಾಯಿ ಎಷ್ಟು ತೆರೆಯಿತು ಎಂಬುದನ್ನು ನಮ್ಮ ಬರಹ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆ ರಾತ್ರಿ ನನಗೆ ಬಿಸ್ಸಾವಿನ ಪಾಠ ನೆನಪಾಯಿತು. ಪೋರ್ಚುಗೀಸಿನಲ್ಲಿ ‘ಅವೊ’ ಎಂಬುದನ್ನು ಬಾಯಿ ಮುಚ್ಚಿದಂತೆ ಹೇಳಿದರೆ ಅಜ್ಜ, ತೆರೆದು ಹೇಳಿದರೆ ಅಜ್ಜಿ. ಪ್ರೊಫೆಸೋರಾ ನನ್ನಿಂದ ಇದನ್ನೂ ಹತ್ತಾರು ಸಲ ಹೇಳಿಸಿದ್ದರು, ನನ್ನ ಅಜ್ಜ ಅಜ್ಜಿ ಇಬ್ಬರೂ ಒಬ್ಬರೇ ಆಗಿ ಉಳಿದಿದ್ದರು. ಇಲ್ಲಿ ಪೋರ್ಚುಗೀಸ್ ಮತ್ತು ಜುಲಾ ಒಂದೇ ಮನೆಯವು, ಹೊರಗೆ ನಿಂತವನು ನಾನು. ಮೂಗಿನಿಂದ ಹೊರಡುವ ಸ್ವರಗಳೂ ಎರಡರಲ್ಲಿಯೂ ಇವೆ. ಅವಕ್ಕೆ ಮಾತ್ರ ಕೊಂಕಣಿ ನೆರೆಹೊರೆ ನನ್ನ ನೆರವಿಗೆ ಬಂತು. ಇದರ ಮೇಲೆ ಜುಲಾಕ್ಕೆ ತನ್ನದೇ ಆದ ಏರಿಳಿತವೂ ಇದೆ. ‘ಸೊ’ ಎಂಬುದನ್ನು ಎತ್ತರದ ದನಿಯಲ್ಲಿ ಹೇಳಿದರೆ ಮನೆ, ತಗ್ಗಿನ ದನಿಯಲ್ಲಿ ಹೇಳಿದರೆ ಕುದುರೆ. 1949ರಲ್ಲಿ ಸೊಲೊಮಾನಾ ಕಾಂಟೆ ಎಂಬ ಪಂಡಿತರು ಈ ಭಾಷಾ ಬಳಗಕ್ಕಾಗಿ ಎನ್‌ಕೊ ಎಂಬ ಲಿಪಿಯನ್ನು ರೂಪಿಸಿದಾಗ ಏಳು ಸ್ವರಗಳಿಗೆ ಏಳು ಅಕ್ಷರಗಳನ್ನು ಕೊಟ್ಟು, ದನಿಯ ಏರಿಳಿತಕ್ಕೆ ಗುರುತುಗಳನ್ನು ಇಟ್ಟರು. ಬಲದಿಂದ ಎಡಕ್ಕೆ ಸಾಗುವ ಆ ಬರಹದಲ್ಲಿ ವಂದಿಸುವ ಫೊ ಬೇರೆ, ಹೇಳುವ ಫೊ ಬೇರೆ. ‘ಎನ್‌ಕೊ’ ಎಂದರೆ ‘ನಾನು ಹೇಳುತ್ತೇನೆ’ ಎಂದರ್ಥ. ಬಳಗದ ಎಲ್ಲ ನುಡಿಗಳಲ್ಲಿಯೂ ಒಂದೇ ರೀತಿ ಇರುವ ಮಾತೆಂದು ಅದನ್ನು ಆರಿಸಿಕೊಂಡರು.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಜುಲಾದಲ್ಲಿ ಲಿಂಗಭೇದವಿಲ್ಲ. ಅವನು, ಅವಳು, ಅದು ಮೂರಕ್ಕೂ ‘ಅ’ ಎಂಬ ಒಂದೇ ಪದ. ಪೋರ್ಚುಗೀಸಿನಲ್ಲಿ ಮೇಜಿಗೂ ಪುಸ್ತಕಕ್ಕೂ ಲಿಂಗವಿದೆ. ಆದರೆ ಉಪಚಾರದ ಮಾತಿಗೆ ಬಂದರೆ ಎರಡೂ ಭಾಷೆಗಳಲ್ಲಿ ಆಡುವವರು ಗಂಡೋ ಹೆಣ್ಣೋ ಎಂಬುದು ತಿಳಿದುಬಿಡುತ್ತದೆ. ಕೃತಜ್ಞತೆ ಹೇಳುವ ಗಂಡಸು ‘ಒಬ್ರಿಗಾದು’ ಎಂದರೆ ಹೆಂಗಸು ‘ಒಬ್ರಿಗಾದ’ ಎನ್ನುತ್ತಾಳೆ. ಬೆಳಗಿನ ವಂದನೆಗೆ ಜುಲಾ ಗಂಡಸು ‘ನ್ ಬಾ’ ಎಂದು ಓಗೊಟ್ಟರೆ, ಹೆಂಗಸು ‘ನ್ ಸೆ’ ಎಂದು ಓಗೊಡುತ್ತಾಳೆ. ನನ್ನ ತಾಯಿ ಎಂಬುದು ಅವನ ಮಾತು, ನನ್ನ ಶಕ್ತಿ ಎಂಬುದು ಅವಳ ಮಾತು.

ಮೂರನೆಯ ದಿನ, ನಾಲ್ಕನೆಯ ದಿನ

ಕಿವಿ ಪಳಗಿದಂತೆ ಜುಲಾದಲ್ಲಿಯೂ ಪರಿಚಿತ ಪದಗಳು ಎದ್ದುಬರತೊಡಗಿದವು. ‘ಸಬಾಬು’ ಎಂದರೆ ಅಲ್ಲಿ ಕಾರಣ, ನಮ್ಮಲ್ಲಿ ಸಬೂಬು. ‘ಹಕಿಲಿ’ ಎಂದರೆ ಬುದ್ಧಿ, ನಮ್ಮ ಉತ್ತರ ಕರ್ನಾಟಕದವರ ಅಕಲು. ಅರಬ್ಬಿ ಭಾಷೆ ಸಹಾರಾ ದಾಟಿ ಅಲ್ಲಿಗೂ ಪಾರಸಿಯ ಜೊತೆಗೂಡಿ ಇಲ್ಲಿಗೂ ಬಂದಿತ್ತು. ಪೋರ್ಚುಗೀಸಿಗೂ ಅದು ಹೊರಗಿನದಲ್ಲ. ಸಕ್ಕರೆ, ಆಲಿವ್ ಎಣ್ಣೆ, ಉಗ್ರಾಣ, ಸುಂಕದ ಕಟ್ಟೆ, ಇವೆಲ್ಲಕ್ಕೂ ಪೋರ್ಚುಗೀಸರು ಅರಬ್ಬಿಯ ಪದಗಳನ್ನೇ ಆಡುತ್ತಾರೆ.

ಆದರೆ ನಾನು ನಿಜವಾಗಿ ಬೆರಗಾದದ್ದು ವಾರದ ಹೆಸರುಗಳಲ್ಲಿ. ಆರನೆಯ ಶತಮಾನದಲ್ಲಿ ಬ್ರಾಗಾದ ಬಿಷಪ್ ಮಾರ್ಟಿನ್ ದಿನಗಳಿಗೆ ಅನ್ಯದೇವತೆಗಳ ಹೆಸರಿಡುವುದನ್ನು ವಿರೋಧಿಸಿದರು. ಆ ನೆಲದ ಭಾಷೆಯಾದ ಪೋರ್ಚುಗೀಸಿನಲ್ಲಿ ಮಂಗಳನೂ ಇಲ್ಲ, ಬುಧನೂ ಇಲ್ಲ. ಭಾನುವಾರವನ್ನು ಒಂದು ಎಂದು ಹಿಡಿದು ಸೋಮವಾರ ಎರಡನೆಯದು, ಮಂಗಳವಾರ ಮೂರನೆಯದು, ಬುಧವಾರ ನಾಲ್ಕನೆಯದು, ಗುರುವಾರ ಐದನೆಯದು. ಬೊಂಡುಕುವಿನಲ್ಲಿ ಮಂಗಳವಾರ ‘ತರತ’, ಬುಧವಾರ ‘ಅರಬ’, ಗುರುವಾರ ‘ಅಲಮಿಸ’. ಅರಬ್ಬಿಯ ಮೂರು, ನಾಲ್ಕು, ಐದು. ಸೋಮವಾರದ ‘ತೆನೆನ್’ ಕೂಡ ಅರಬ್ಬಿಯ ಎರಡೇ. ಶುಕ್ರವಾರ ದಾರಿ ಕವಲೊಡೆಯುತ್ತದೆ, ಪೋರ್ಚುಗೀಸಿಗೆ ಅದು ಆರನೆಯದು, ಜುಲಾಕ್ಕೆ ಜುಮಾ. ಶನಿವಾರ ‘ಸಾಬದು’ ಮತ್ತು ‘ಸಿಬಿರಿ’ ಎಂದು ಮತ್ತೆ ಕೂಡಿಕೊಳ್ಳುತ್ತದೆ, ಎರಡರ ಬೇರೂ ಯಹೂದ್ಯರ ಸಬ್ಬತ್. ಒಂದು ಕ್ರೈಸ್ತರ ದಾರಿಯಲ್ಲಿ, ಇನ್ನೊಂದು ಮುಸಲ್ಮಾನರ ದಾರಿಯಲ್ಲಿ ನಡೆದು ಒಂದೇ ಎಣಿಕೆಗೆ ಬಂದಿವೆ. ಬುಧವಾರ ಎಂದರೇನು ಎಂದು ಬಾಬಾ ಕೇಳಿದಾಗ ಆಕಾಶದ ಒಂದು ಗ್ರಹದ ಹೆಸರು ಎಂದೆ. ಅವರು ಸ್ವಲ್ಪ ಹೊತ್ತು ಆಕಾಶ ನೋಡಿ, ಹಾಗಾದರೆ ನಿಮಗೆ ದಿನ ಎಣಿಸುವ ಕೆಲಸವಿಲ್ಲ ಎಂದರು.

ಎಣಿಕೆಯ ವಿಷಯದಲ್ಲಿ ನಾನು ಪೆಟ್ಟು ತಿಂದದ್ದೂ ಉಂಟು. ಜುಲಾದಲ್ಲಿ ‘ಮುಗನ್’ ಎಂದರೆ 20, ‘ಕೆಮೆ’ ಎಂದರೆ 100. ಮೊದಲ ವಾರ ಒಬ್ಬರು ಕಿಲೋಗೆ ‘ಕೆಮೆ’ ಎಂದರು, ನಾನು ಪುಸ್ತಕದಲ್ಲಿ 100 ಫ್ರಾಂಕ್ ಎಂದು ಬರೆದುಕೊಂಡೆ. ಸಂಜೆ ಹಣ ಎಣಿಸುವಾಗ ಗೋದಾಮಿನಲ್ಲಿ ದೊಡ್ಡ ಮಾತುಕತೆಯಾಯಿತು. ಹಣದ ಲೆಕ್ಕಕ್ಕೆ ಅಲ್ಲಿ ಮೂಲಮಾನ ಐದು ಫ್ರಾಂಕಿನ ನಾಣ್ಯ, ಅದರ ಹೆಸರು ‘ದೊರೊಮೆ’. ಆದ್ದರಿಂದ ಮುಗನ್ ಎಂದರೆ 100 ಫ್ರಾಂಕ್, ಕೆಮೆ ಎಂದರೆ 500. ಆಣೆ ಹೋಗಿ ಎಷ್ಟೋ ವರ್ಷಗಳಾದ ಮೇಲೂ ನಮ್ಮ ಹಿರಿಯರು 50 ಪೈಸೆಯನ್ನು ಎಂಟಾಣೆ ಎನ್ನುತ್ತಿದ್ದರಲ್ಲ, ಅಂಥದೇ ನೆನಪು ಇದು. ದೊರೊಮೆ ಅರಬ್ಬಿಯ ದಿರ್ಹಮ್, ದಿರ್ಹಮ್ ಗ್ರೀಕರ ದ್ರಾಖ್ಮೆ. ಅದೇ ನಾಣ್ಯ ನಮ್ಮ ಹಳೆಯ ಶಾಸನಗಳಲ್ಲಿ ದ್ರಮ್ಮವಾಗಿ ಕುಳಿತಿದೆ.

ಮಂದಿಂಗ

1482ರಲ್ಲಿ ಪೋರ್ಚುಗೀಸರು ಇಂದಿನ ಘಾನಾದ ತೀರದಲ್ಲಿ ಎಲ್ಮಿನಾ ಕೋಟೆಯನ್ನು ಕಟ್ಟಿದ್ದು ಚಿನ್ನಕ್ಕಾಗಿ. ಒಳನಾಡಿನಿಂದ ಅಲ್ಲಿಗೆ ಚಿನ್ನ ತಂದವರಲ್ಲಿ ಈ ವರ್ತಕ ಬಳಗದವರೂ ಇದ್ದರು. ಎರಡು ಭಾಷೆಗಳೂ ಒಬ್ಬರನ್ನೊಬ್ಬರು ಕಂಡು ಐದು ಶತಮಾನಗಳಾದವು. ಆ ಭೇಟಿಯಿಂದ ಪೋರ್ಚುಗೀಸಿಗೆ ಒಂದು ಪದ ಸಿಕ್ಕಿತು: ಮಂದಿಂಗ. ಅದು ಮಂದಿಂಕ ಜನರ ಹೆಸರು. ಬ್ರೆಜಿಲ್‌ನ ಪೋರ್ಚುಗೀಸಿನಲ್ಲಿ ಇಂದು ಅದರ ಅರ್ಥ ಮಾಟ. ಆ ಜನ ತೋಳಿಗೆ, ಕೊರಳಿಗೆ ಚರ್ಮದ ಚೀಲ ಕಟ್ಟಿಕೊಳ್ಳುತ್ತಿದ್ದರು. ಅಂಥ ಚೀಲಗಳನ್ನು ‘ಮಂದಿಂಗದ ಚೀಲ’ ಎಂದು ಕರೆದು, ಅವುಗಳನ್ನು ಮಾಡಿದರೆಂದು 18ನೆಯ ಶತಮಾನದಲ್ಲಿ ಲಿಸ್ಬನ್ನಿನ ಧರ್ಮವಿಚಾರಣೆಯ ಮಂಡಳಿ ಗುಲಾಮರನ್ನು ಹಿಡಿದು ವಿಚಾರಿಸಿತು.

ಪ್ರೊಫೆಸೋರಾ ಮಂದಿಂಕ ಮನೆತನದವರು. ಮನೆಯಲ್ಲಿ ಆ ಭಾಷೆಯನ್ನೇ ಆಡುತ್ತಿದ್ದರು, ಜೀವಮಾನವಿಡೀ ಮಕ್ಕಳಿಗೆ ಕಲಿಸಿದ್ದು ಪೋರ್ಚುಗೀಸ್. ಎರಡನೆಯ ಸುಗ್ಗಿಯ ಕೊನೆಯ ದಿನಗಳಲ್ಲಿ ಅವರು ಒಂದು ಹಳೆಯ ಪಠ್ಯ ತಂದಿದ್ದರು, ನಾನು ಗಟ್ಟಿಯಾಗಿ ಓದುತ್ತಿದ್ದೆ. ಮಂದಿಂಗ ಎಂಬ ಪದ ಬಂತು. ಅರ್ಥ ಕೇಳಿದೆ. ಅವರು ಕನ್ನಡಕ ತೆಗೆದು ಸೆರಗಿನಂತೆ ಹೊದ್ದಿದ್ದ ಬಟ್ಟೆಯ ಅಂಚಿನಿಂದ ಒರೆಸಿದರು. ‘ನಿಘಂಟು ಹೇಳುವ ಅರ್ಥ ಮಾಟ. ನಿಜವಾದ ಅರ್ಥ ನಾವು’ ಎಂದರು. ಆ ದಿನ ಪಾಠ ಅಲ್ಲಿಗೇ ನಿಂತಿತು. ಅವರ ಮನಸ್ಸಿಗೆ ಎಷ್ಟು ನೋವಾಗಿದ್ದಿರಬೇಕೆಂದು ನನಗೆ ಆಗ ಪೂರ್ತಿ ತಿಳಿಯಲಿಲ್ಲ.

ತಿಳಿದದ್ದು ಬೊಂಡುಕುವಿನಲ್ಲಿ. ಬಾಬಾ ತೋಳಿಗೆ ಅಂಥದೇ ಚರ್ಮದ ಚೀಲ ಕಟ್ಟಿದ್ದರು, ಬೆವರಿಗೆ ಕಪ್ಪಾಗಿ, ಹೊಲಿಗೆ ಬಿಚ್ಚಿಕೊಳ್ಳುವಂತಿತ್ತು. ಏನದು ಎಂದು ಕೇಳಿದೆ. ‘ಸೆಬೆ’ ಎಂದರು. ಆ ಪದ ನನಗೆ ಆಗಲೇ ಗೊತ್ತಿತ್ತು. ಗೋದಾಮಿನಲ್ಲಿ ತೂಕದ ಚೀಟಿ ಬರೆ ಎನ್ನಲು ದಿನವೂ ಆಡುತ್ತಿದ್ದ ಪದ ಅದೇ. ಸೆಬೆ ಎಂದರೆ ಬರೆ, ಬರಹ. ಒಳಗೆ ಇದ್ದದ್ದು ಕುರಾನಿನ ವಾಕ್ಯಗಳನ್ನು ಬರೆದು ಮಡಚಿದ ಕಾಗದ. ನಮ್ಮಲ್ಲಿಯೂ ಯಂತ್ರ ಬರೆಸಿ ತಾಯತ ಕಟ್ಟಿಸುತ್ತಾರೆ ಎಂದು ನಾನು ಹೇಳಿದೆ. ಅವರು ತಲೆಯಾಡಿಸಿ, ಯಾವ ಅಕ್ಷರದಲ್ಲಿ ಬರೆಯುತ್ತೀರಿ ಎಂದು ಕೇಳಿದರು. ತೂಕದ ಚೀಟಿಯ ಹಿಂದೆ ಕನ್ನಡದಲ್ಲಿ ಅವರ ಹೆಸರು ಬರೆದುಕೊಟ್ಟೆ. ಮಡಚಿ ಜೇಬಿಗೆ ಹಾಕಿಕೊಂಡರು.

ಆ ರಾತ್ರಿಯೇ ಬಿಸ್ಸಾವಿಗೆ ಫೋನ್ ಮಾಡಿದೆ. ಪೋರ್ಚುಗೀಸಿನಲ್ಲಿ ತಡವರಿಸುತ್ತ, ಇಲ್ಲಿ ಆ ಚೀಲದ ಹೆಸರು ಬರಹ ಎಂದು ಹೇಳಿದೆ. ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಪ್ರೊಫೆಸೋರಾ, ‘ನಮ್ಮಲ್ಲಿಯೂ ಹಾಗೆಯೇ. ಬರೆಯುವುದಕ್ಕೂ ಸಾಫೆ, ಅದಕ್ಕೂ ಸಾಫೆ’ ಎಂದರು. ಮರುದಿನ ಅವರಿಂದ ಒಂದು ಚಿತ್ರ ಬಂತು. ಅದೇ ಹಳೆಯ ಪಠ್ಯದ ಪುಟ. ಮಂದಿಂಗ ಎಂಬ ಪದದ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ, ಶಾಲೆಯ ಮಕ್ಕಳಿಗೆ ಕಲಿಸುವ ದುಂಡು ಅಕ್ಷರಗಳಲ್ಲಿ, ‘ಬರಹ’ ಎಂದು ಪೋರ್ಚುಗೀಸಿನಲ್ಲಿ ಬರೆದಿದ್ದರು.